ಮೂರರಿಂದ ನಾಲ್ಕರ ಪಾಳಿ

ಮೊದಲೇ ಹೇಳಿಬಿಡುತ್ತೇನೆ, ಇಂಥ ಸಂಗತಿಗಳನ್ನು ನಂಬುವವಳಲ್ಲ ನಾನು. ‘ನನ್ನ ಪ್ರಾರ್ಥನೆಗೆ ಹೀಗೆ ಉತ್ತರ ಬಂತು, ಹಾಗೆ ಉತ್ತರ ಬಂತು’ ಅಂತ ಯಾರಾದರೂ ಎದ್ದು ಸಾಕ್ಷಿ ಹೇಳುವಾಗ ನಾನು ಚರ್ಚಿನ ಹಿಂದಿನ ಬೆಂಚಿನಲ್ಲಿ ಕೂತು ಉಗುರು ನೋಡಿಕೊಳ್ಳುತ್ತಿದ್ದೆ. ಜ್ವರ ಬಿಟ್ಟಿತು ಅಂದರೆ ಮಾತ್ರೆ ಕೆಲಸ ಮಾಡಿತು, ಬಸ್ಸು ಸಿಕ್ಕಿತು ಅಂದರೆ ಡ್ರೈವರ್ ತಡವಾಗಿ ಹೊರಟ. ಇಷ್ಟೇ ನನಗೆ ತಿಳಿದದ್ದು. ನನ್ನ ಕೋಪ ಮೂಗಿನ ತುದಿಯಲ್ಲೇ ಇರುತ್ತೆ ಅಂತ ಅಜ್ಜಂಪುರದ ನಮ್ಮ ಸಭೆಯವರೆಲ್ಲ ಆಡಿಕೊಳ್ಳುತ್ತಿದ್ದರು. ಆಡಿಕೊಳ್ಳಲಿ. ಈಗ ಬರೆಯುತ್ತಿರುವುದನ್ನು ನೀವು ನಂಬಲೇಬೇಕು ಅಂತ ನಾನೂ ಕೇಳುವುದಿಲ್ಲ. ನಡೆದದ್ದನ್ನು ನಡೆದ ಹಾಗೆ ಹೇಳುತ್ತೇನೆ.

ಎಪ್ಪತ್ತರ ದಶಕದ ಕೊನೆಯ ಮಾತು. ನಮ್ಮ ಯಜಮಾನರು ಅಜ್ಜಂಪುರ ರೈಲ್ವೆ ಸ್ಟೇಷನ್ನಿನಲ್ಲಿ ಹಳಿ ಬದಲಿಸುವ ಪಾಯಿಂಟ್ಸ್‌ಮನ್. ನಾನು ಕ್ವಾರ್ಟರ್ಸಿನಲ್ಲೇ ಹೊಲಿಗೆ ಮಿಷನ್ ಇಟ್ಟುಕೊಂಡು ಊರವರ ರವಿಕೆ, ಲಂಗ ಹೊಲಿಯುತ್ತಿದ್ದೆ. ನಮ್ಮ ಸಭೆ ಅಂದರೆ ಹೆಚ್ಚೆಂದರೆ ಇಪ್ಪತ್ತು ಮನೆ. ರೈಲ್ವೆಯವರು, ಆಸ್ಪತ್ರೆಯ ಒಬ್ಬ ನರ್ಸಮ್ಮ, ಇಬ್ಬರು ಮೇಷ್ಟ್ರುಗಳು, ಉಳಿದವರೆಲ್ಲ ಕೂಲಿ ಮಾಡುವವರು. ಒಂದು ಹೆಂಚಿನ ಚರ್ಚು, ಊರಾಚೆ ಒಂದಿಷ್ಟು ಸಮಾಧಿ ಜಾಗ, ಇದು ನಮ್ಮ ಆಸ್ತಿ. ಸಭಾಪಾಲಕರನ್ನು ನಾವು ಅಯ್ನೋರು ಅಂತಲೇ ಕರೆಯುತ್ತಿದ್ದೆವು. ಆಗ ಇದ್ದವರು ಕರುಣಾಕರ ಅಯ್ನೋರು.

ಆ ಸಮಾಧಿ ಜಾಗದ ಬೇವಿನ ಮರದ ಕೆಳಗೆ ನನ್ನ ಮಗಳಿದ್ದಾಳೆ. ಮೂರು ವರ್ಷದ ಕೂಸು. ಕಲ್ಲಿನ ಮೇಲೆ ಶಾಂತಕುಮಾರಿ ಅಂತ ಕೆತ್ತಿಸಿದ್ದೇವೆ, ಆದರೆ ಮನೆಯೊಳಗೆ ನಾವಿಬ್ಬರೂ ಕರೆಯುತ್ತಿದ್ದದ್ದು ಗುಬ್ಬಕ್ಕ ಅಂತ. ಕಾಗಕ್ಕ ಗುಬ್ಬಕ್ಕನ ಕಥೆ ಹೇಳದಿದ್ದರೆ ಒಂದು ತುತ್ತೂ ನುಂಗುತ್ತಿರಲಿಲ್ಲ ಅವಳು. ಜ್ವರ ನೆತ್ತಿಗೇರಿದಾಗ ಇಡೀ ಸಭೆ ನಮ್ಮ ಮನೆಯಲ್ಲಿ ಮೊಣಕಾಲೂರಿತು. ನಾನು ಮೂರು ದಿನ ಅನ್ನ ಮುಟ್ಟದೆ ಬೇಡಿಕೊಂಡೆ. ನಾಲ್ಕನೆಯ ದಿನ ಬೆಳಿಗ್ಗೆ ಮಗು ಹೋಯಿತು. ಬಂದವರೆಲ್ಲ ‘ದೇವರ ಚಿತ್ತ’ ಅಂದರು. ಅಯ್ನೋರು ಮಾತ್ರ ಹಾಗನ್ನಲಿಲ್ಲ. ಗುಂಡಿ ತೋಡುವವನು ಗುದ್ದಲಿ ಕೆಳಗಿಟ್ಟು ಕೂತದ್ದು ಕಂಡು ತಾವೇ ಉದ್ದನೆಯ ಬಿಳಿ ಅಂಗಿ ಮೇಲೆತ್ತಿ ಕಟ್ಟಿ ಗುದ್ದಲಿ ಹಿಡಿದರು. ಮಣ್ಣು ಮುಚ್ಚಿದ ಮೇಲೆ ನನ್ನ ಪಕ್ಕ ಬಂದು ನಿಂತು, ‘ನಂಗೂ ಅರ್ಥ ಆಗ್ಲಿಲ್ಲ ಕಣಮ್ಮ’ ಅಂದರು. ಅವತ್ತಿನಿಂದ ನಾನು ಪ್ರಾರ್ಥನೆ ಬಿಟ್ಟೆ, ಅಯ್ನೋರನ್ನು ಬಿಡಲಿಲ್ಲ. ಭಾನುವಾರ ಹೋಗಿ ಹಿಂದಿನ ಬೆಂಚಿನಲ್ಲಿ ಕೂರುತ್ತಿದ್ದೆ, ಅವರ ಬಿಳಿ ಅಂಗಿಗಳನ್ನು ಹೊಲಿದು ಕೊಡುತ್ತಿದ್ದೆ.

ಇದಾಗಿ ಆರು ವರ್ಷಕ್ಕೆ ಆ ಜಾಗದ ಮೇಲೆ ಒಬ್ಬ ದೊಡ್ಡ ಮನುಷ್ಯರ ಕಣ್ಣು ಬಿತ್ತು. ಹೆಸರು ಬೇಡ, ಅವರ ಮೊಮ್ಮಕ್ಕಳು ಈಗ ನನ್ನನ್ನು ಅಜ್ಜಿ ಅಂತ ಮಾತಾಡಿಸುತ್ತವೆ. ಅವರ ಎಣ್ಣೆ ಮಿಲ್ಲಿಗೂ ರಸ್ತೆಗೂ ನಡುವೆ ನಮ್ಮ ಗೋರಿಗಳು ಅಡ್ಡವಾಗಿದ್ದವು. ಜಾಗದ ಖಾತೆ ಯಾವುದೋ ಕಾಲದ ಬಿಳಿ ದೊರೆಯ ಹೆಸರಿನಲ್ಲಿತ್ತು, ಕಾಗದಪತ್ರ ಸರಿಯಿರಲಿಲ್ಲ. ‘ಕೋರ್ಟು ಕಚೇರಿ ಯಾಕೆ? ಅಯ್ನೋರು ರಾಜಿ ಪತ್ರಕ್ಕೆ ಒಂದು ರುಜು ಹಾಕ್ಲಿ. ಕೆರೆ ಹಿಂದೆ ಬೇರೆ ಜಾಗ ಕೊಡ್ತೀನಿ, ಮೂಳೆಗಳನ್ನ ಬೇಕಾದ್ರೆ ಚೀಲದಲ್ಲಿ ತುಂಬ್ಕೊಂಡು ಹೋಗಿ’ ಅಂತ ಹೇಳಿ ಕಳಿಸಿದರು. ಚೀಲದಲ್ಲಿ! ಆ ಮಾತು ಕೇಳಿ ನನ್ನ ಮೈಯೆಲ್ಲ ಉರಿದುಹೋಯಿತು.

ಅಯ್ನೋರದು ಬಂಗಾರದಂಥ ಮನಸ್ಸು, ಆದರೆ ‘ಇಲ್ಲ’ ಅನ್ನುವ ಮಾತು ಅವರ ಬಾಯಲ್ಲಿ ಬರುತ್ತಲೇ ಇರಲಿಲ್ಲ. ಬಗ್ಗಿದವನಿಗೆ ಒಂದು ಗುದ್ದು ಹೆಚ್ಚು ಅಂತಾರಲ್ಲ, ಹಾಗೆ ಎಲ್ಲರೂ ಅವರನ್ನೇ ಗುದ್ದಿದರು. ಚರ್ಚಿನ ಕಿಟಕಿಗೆ ಕಲ್ಲು ಬಿತ್ತು. ಹಾಲಿನವನು ಅವರ ಮನೆಗೆ ಹಾಲು ಹಾಕುವುದು ನಿಲ್ಲಿಸಿದ. ನಮ್ಮ ಸಭೆಯ ಹಿರಿಯರೇ ಇಬ್ಬರು, ‘ಹೋಗ್ಲಿ ಕೊಟ್ಬಿಡಿ ಅಯ್ನೋರೇ, ಸತ್ತೋರಿಗೆ ಯಾವ ಜಾಗ ಆದ್ರೇನು’ ಅಂತ ದಿನಾ ಕಿವಿ ಕಚ್ಚಿದರು. ಕೊನೆಗೆ, ಗುರುವಾರ ಮಧ್ಯಾಹ್ನ ತರೀಕೆರೆಯ ವಕೀಲರೊಬ್ಬರ ಮನೆಯಲ್ಲಿ ರುಜು ಹಾಕುವುದು ಅಂತ ಗೊತ್ತಾಯಿತು. ಅಯ್ನೋರು ಒಪ್ಪಿದ್ದರೋ ಇಲ್ಲವೋ ಅವರಿಗೇ ತಿಳಿದಿರಲಿಲ್ಲ. ಅದಕ್ಕೆ ಮುಂಚಿನ ಭಾನುವಾರ ಸಭೆಯ ಮುಂದೆ ನಿಂತು, ‘ನಂಗೆ ಧೈರ್ಯ ಸಾಲ್ದು. ನೀವೆಲ್ಲ ನನಗೋಸ್ಕರ ಪ್ರಾರ್ಥನೆ ಮಾಡಿ’ ಅಂತ ಕೇಳಿಕೊಂಡರು.

ನಮ್ಮಲ್ಲಿ ಸರಪಳಿ ಪ್ರಾರ್ಥನೆ ಅಂತ ಒಂದು ಪದ್ಧತಿ. ಬೆಳಿಗ್ಗೆ ಆರರಿಂದ ಸಂಜೆ ಆರರ ತನಕ ಒಬ್ಬೊಬ್ಬರಿಗೆ ಒಂದೊಂದು ಗಂಟೆ, ಚೀಟಿ ಎತ್ತಿ ಪಾಳಿ ಹಂಚುತ್ತಾರೆ. ಒಂದು ಹಳೇ ಕೀರ್ತನೆ ಪುಸ್ತಕ ಮನೆಯಿಂದ ಮನೆಗೆ ಹೋಗುತ್ತದೆ. ನಿಮ್ಮ ಗಂಟೆ ಮುಗಿದ ಮೇಲೆ ಅದನ್ನು ಮುಂದಿನ ಮನೆಗೆ ನೀವೇ ಮುಟ್ಟಿಸಬೇಕು. ನಡುವೆ ಒಂದು ಗಂಟೆ ಖಾಲಿ ಬಿದ್ದರೆ ಸರಪಳಿ ಕಡಿಯಿತು ಅಂತ ನಂಬಿಕೆ. ಆ ಗುರುವಾರದ ಸರಪಳಿಗೆ ನಾನು ಚೀಟಿ ಎತ್ತಲಿಲ್ಲ. ಯಜಮಾನರು ಎತ್ತಿದರು, ಅವರಿಗೆ ಮೂರರಿಂದ ನಾಲ್ಕು ಬಂತು. ಗುರುವಾರ ನೋಡಿದರೆ, ಜೊತೆಯವರೊಬ್ಬರಿಗೆ ಹುಷಾರಿಲ್ಲ ಅಂತ ಸ್ಟೇಷನ್ ಮಾಸ್ತರರು ಇವರನ್ನು ಹನ್ನೆರಡಕ್ಕೇ ಡ್ಯೂಟಿಗೆ ಕರೆಸಿಕೊಂಡರು. ಹೋಗುವಾಗ ಬಾಗಿಲಲ್ಲಿ ನಿಂತು, ‘ನೀನು ಏನೂ ಮಾಡ್ದಿದ್ರೂ ಪರವಾಗಿಲ್ಲ ಕಣೇ, ಪುಸ್ತಕ ಇಸ್ಕೊಂಡು ಸುಮ್ನೆ ಕೂತಿರು’ ಅಂದರು.

ಸರಿಯಾಗಿ ಮೂರಕ್ಕೆ ನರ್ಸಮ್ಮ ಎಸ್ತರಮ್ಮನವರು ಪುಸ್ತಕ ಎದೆಗವಚಿಕೊಂಡು ಬಂದರು.

‘ಅವ್ರಿಲ್ಲ, ಡ್ಯೂಟಿಗೆ ಹೋಗವ್ರೆ’ ಅಂದೆ.

‘ನೀನಿದೀಯಲ್ಲ.’

‘ನಾನು ಆ ವ್ಯವಹಾರ ಬಿಟ್ಟು ಆರು ವರ್ಷ ಆಯ್ತು, ನಿಮಗೆ ಗೊತ್ತಿಲ್ವಾ?’

ಎಸ್ತರಮ್ಮ ಜಗ್ಗಲಿಲ್ಲ. ‘ಬೈಯೋದಾದ್ರೆ ಬೈಯಿ. ಆದ್ರೆ ಒಂದು ಗಂಟೆ ಪೂರ್ತಿ ಬೈಯಿ’ ಅಂತ ಪುಸ್ತಕ ನನ್ನ ಕೈಗೆ ತುರುಕಿ ಹೊರಟೇಹೋದರು.

ಬಾಗಿಲು ಹಾಕಿಕೊಂಡೆ. ಪುಸ್ತಕವನ್ನು ಮಿಷನ್ನಿನ ಹಲಗೆ ಮೇಲಿಟ್ಟು, ಅರ್ಧ ಆಗಿದ್ದ ರವಿಕೆ ಹೊಲಿಯತೊಡಗಿದೆ. ಪ್ರಾರ್ಥನೆಯ ಒಂದು ಅಕ್ಷರ ಬಾಯಿಗೆ ಬರಲಿಲ್ಲ, ಬರಲಿ ಅಂತ ನಾನೂ ಕಾಯಲಿಲ್ಲ. ಕಾಲು ಪೆಡಲು ತುಳಿಯುತ್ತಿತ್ತು, ಮನಸ್ಸೆಲ್ಲ ತರೀಕೆರೆಯಲ್ಲಿ. ಆ ವಕೀಲರ ಮನೆ ನಾನು ಕಂಡವಳಲ್ಲ, ಆದರೂ ಅಯ್ನೋರು ತಲೆ ತಗ್ಗಿಸಿ ಕೂತದ್ದು, ಅವರ ಮುಂದೆ ಕಾಗದ ಇಟ್ಟದ್ದು ಕಣ್ಣಿಗೆ ಕಟ್ಟಿದ ಹಾಗಿತ್ತು. ಆಮೇಲೆ ಆ ಚೀಲದ ಮಾತು ನೆನಪಾಯಿತು. ನನ್ನ ಕೂಸನ್ನು ಚೀಲದಲ್ಲಿ ತುಂಬುತ್ತಾರಂತೆ! ಎದ್ದು ನಿಂತೆ. ಬಟ್ಟೆ ಕತ್ತರಿಸುವ ದೊಡ್ಡ ಕತ್ತರಿ ಕೈಗೆ ಸಿಕ್ಕಿತು, ಬೀಸಿ ನೆಲಕ್ಕೆ ಒಗೆದೆ. ಕಲ್ಲು ಚಪ್ಪಡಿ ಮೇಲೆ ಖಣ್ ಅಂತ ಬಿತ್ತು. ದೇವರನ್ನಲ್ಲ, ಎದುರಿಗಿಲ್ಲದ ಅಯ್ನೋರನ್ನೇ ಕೂಗಿದೆ.

‘ಅಲ್ಲಿ ಮಲಗಿರೋರ್ನ ಒಂದ್ಮಾತು ಕೇಳಿದ್ರೇನ್ರೀ? ಎದ್ದು ಬನ್ನಿ ಮನೆಗೆ! ನನ್ನ ಗುಬ್ಬಕ್ಕ ಅಲ್ಲವ್ಳೆ!’

ಕೂಗಿದ ಮೇಲೆ ನನಗೇ ನಾಚಿಕೆಯಾಯಿತು. ಆರು ವರ್ಷದಿಂದ ಆ ಹೆಸರು ನನ್ನ ಬಾಯಲ್ಲಿ ಬಂದಿರಲಿಲ್ಲ, ಯಜಮಾನರೂ ಎತ್ತುತ್ತಿರಲಿಲ್ಲ. ಪುಣ್ಯಕ್ಕೆ ಪಕ್ಕದ ಮನೆಗೆ ಬೀಗ, ಅವರೆಲ್ಲ ಬೀರೂರಿಗೆ ಮದುವೆಗೆ ಹೋಗಿದ್ದರು. ಗಡಿಯಾರ ನೋಡಿದೆ, ಮೂರೂವರೆ ದಾಟಿ ಐದು ನಿಮಿಷ. ಮುಖ ತೊಳೆದುಕೊಂಡು, ನಾಲ್ಕಕ್ಕೆ ಪುಸ್ತಕ ತೆಗೆದುಕೊಂಡು ಹೋಗಿ ಮುಂದಿನ ಮನೆಯ ಮೇಷ್ಟ್ರ ಕೈಗೆ ಕೊಟ್ಟೆ. ‘ಚೆನ್ನಾಗಿ ಪ್ರಾರ್ಥನೆ ಆಯ್ತೇನಮ್ಮ?’ ಅಂದರು. ‘ಹ್ಞೂ, ಭೇಷಾಗಿ ಆಯ್ತು’ ಅಂದೆ.

ಸಂಜೆ ಎಲ್ಲರೂ ಚರ್ಚಿನಲ್ಲಿ ಸೇರಿದೆವು. ತರೀಕೆರೆ ಬಸ್ಸು ಬಂದಾಗ ಇನ್ನೂ ಬೆಳಕಿತ್ತು. ಅಯ್ನೋರು ನೇರ ಒಳಗೆ ಬಂದರು. ಮುಖ ಬಿಳಿಚಿಕೊಂಡಿತ್ತು, ಆದರೆ ನಡಿಗೆ ಬೇರೆಯೇ ಆಗಿತ್ತು. ‘ರುಜು ಹಾಕ್ಲಿಲ್ಲ’ ಅಂದರು. ಎಸ್ತರಮ್ಮ ‘ಸ್ತೋತ್ರ!’ ಅಂತ ಕೂಗಿಯೇಬಿಟ್ಟರು.

ಆಮೇಲೆ ಅಯ್ನೋರು ನಡೆದದ್ದನ್ನು ಹೇಳಿದರು. ಪೆನ್ನು ಬಿಚ್ಚಿ ಕಾಗದಕ್ಕೆ ಊರಿದ್ದರಂತೆ, ಮೊದಲ ಅಕ್ಷರದ ಗೀಟೂ ಎಳೆದಾಗಿತ್ತಂತೆ. ಅಷ್ಟರಲ್ಲಿ ಬೆನ್ನ ಹಿಂದೆ ಕಬ್ಬಿಣದ್ದೇನೋ ಖಣ್ ಅಂತ ನೆಲಕ್ಕೆ ಬಿತ್ತು. ಅದರ ಬೆನ್ನಿಗೇ ಒಬ್ಬ ಹೆಂಗಸು, ‘ಅಲ್ಲಿ ಮಲಗಿರೋರ್ನ ಒಂದ್ಮಾತು ಕೇಳಿದ್ರೇನ್ರೀ? ಎದ್ದು ಬನ್ನಿ ಮನೆಗೆ!’ ಅಂತ ಗದರಿದಳು. ತಿರುಗಿ ನೋಡಿದರೆ ಬರೀ ಗೋಡೆ. ಅವರು ಕೂತಿದ್ದದ್ದು ಗೋಡೆಗೆ ಒತ್ತಿ ಹಾಕಿದ ಬೆಂಚಿನ ಮೇಲೆ, ಹಿಂದೆ ಒಬ್ಬರು ನಿಲ್ಲುವಷ್ಟೂ ಜಾಗವಿಲ್ಲ. ವಕೀಲರು ‘ಏನೋ ಬಿತ್ತಲ್ಲ, ಏನ್ರೀ ಅದು?’ ಅಂತ ಮೇಜಿನ ಕೆಳಗೆ ಬಗ್ಗಿ ಹುಡುಕಿದರಂತೆ. ಹೆಂಗಸಿನ ದನಿ ಮಾತ್ರ ವಕೀಲರಿಗೂ ಕೇಳಿಸಿರಲಿಲ್ಲ, ಮಿಲ್ಲಿನವರಿಗೂ ಕೇಳಿಸಿರಲಿಲ್ಲ. ಅಯ್ನೋರು ಪೆನ್ನಿಗೆ ಮುಚ್ಚಳ ಹಾಕಿ ಎದ್ದು ನಿಂತು, ‘ಅಲ್ಲಿ ಮಲಗಿರೋರು ಒಪ್ಲಿಲ್ಲ ಸ್ವಾಮಿ, ನಾನು ಬತ್ತೀನಿ’ ಅಂದು ಬಂದುಬಿಟ್ಟರಂತೆ. ಎಷ್ಟು ಗಂಟೆಯಾಗಿತ್ತು ಅಂತ ಮೇಷ್ಟ್ರು ಕೇಳಿದರು. ಮೂರೂವರೆ ಹೊಡೆದು ಸ್ವಲ್ಪ ಹೊತ್ತಾಗಿತ್ತು ಅಂದರು ಅಯ್ನೋರು.

ಹಿಂದಿನ ಬೆಂಚಿನಲ್ಲಿ ನಾನು ಗೋಡೆಗೆ ಸರಿದು ಕೂತೆ. ಎಸ್ತರಮ್ಮ ತಿರುಗಿ ನನ್ನನ್ನೊಮ್ಮೆ ನೋಡಿದರು. ನಾನು ಉಗುರು ನೋಡಿಕೊಂಡೆ. ಮನೆಗೆ ಬಂದು ನನಗೆ ನಾನೇ ಸಮಾಧಾನ ಹೇಳಿಕೊಂಡೆ. ಹೆದರಿದ ಮನುಷ್ಯ, ಅವರ ಮನಸ್ಸೇ ಅವರನ್ನು ಗದರಿರಬೇಕು. ನಮ್ಮ ಕಡೆ ಹೆಂಗಸರೆಲ್ಲ ಬೈಯುವುದು ಹಾಗೆಯೇ ತಾನೆ? ಗುಬ್ಬಕ್ಕನ ಮಾತು ಅವರು ಎತ್ತಲಿಲ್ಲವಲ್ಲ, ಹಾಗಾಗಿ ಅದು ನನ್ನ ದನಿಯಲ್ಲ. ಹೀಗೆ ಅಂದುಕೊಂಡು ಯಾರಿಗೂ, ಯಜಮಾನರಿಗೂ ಹೇಳದೆ ಸುಮ್ಮನಾದೆ.

ಮಿಲ್ಲಿನವರೇನೂ ಅಷ್ಟಕ್ಕೇ ಬಿಡಲಿಲ್ಲ. ಒಂದು ದಿನ ಲಾರಿ ತಂದು ಬೇಲಿ ಮುರಿಸಿದರು. ಬೇಲಿಯ ಜಾಗದಲ್ಲಿ ಗೋಡೆಯೇ ಕಟ್ಟಿಬಿಡೋಣ ಅಂತ ನಾವು ಹೆಂಗಸರು ಬುಟ್ಟಿಯಲ್ಲಿ ಕಲ್ಲು ಹೊತ್ತು ಸಾಲಾಗಿ ಹೋದೆವು. ಅಯ್ನೋರು ಅಂಗಿ ಮೇಲೆತ್ತಿ ಕಟ್ಟಿ ಲಾರಿಯ ಮುಂದೆ ನಿಂತು, ‘ಮೊದ್ಲು ನನ್ನ ಮೇಲೆ ಹತ್ತಿಸಪ್ಪಾ’ ಅಂದದ್ದನ್ನು ನನ್ನ ಕಿವಿಯಾರೆ ಕೇಳಿದೆ. ಆ ಬಾಯಿಯೇ ‘ಇಲ್ಲ’ ಅನ್ನಲು ತಡವರಿಸುತ್ತಿದ್ದದ್ದು! ಡ್ರೈವರ್ ಲಾರಿ ಹಿಂದಕ್ಕೆ ತೆಗೆದ. ಪಕ್ಕದ ಹೊಲದ ಲಿಂಗಾಯತರ ಮನೆಯವರು, ‘ಮಲಗಿರೋ ಹೆಣ ಎಬ್ಬಿಸೋದು ಯಾವ ಸೀಮೆ ಧರ್ಮ’ ಅಂತ ಎರಡು ಗಾಡಿ ಕಲ್ಲು ಕಳಿಸಿಕೊಟ್ಟರು. ಹದಿನೈದು ದಿನದಲ್ಲಿ ಎದೆಮಟ್ಟದ ಗೋಡೆ ಎದ್ದಿತು. ಮಿಲ್ಲಿನ ದಾರಿ ಇವತ್ತಿಗೂ ಅದನ್ನು ಸುತ್ತಿಕೊಂಡೇ ಹೋಗುತ್ತದೆ.

ಇದಕ್ಕೆಲ್ಲ ತೆರಬೇಕಾದವರು ಅಯ್ನೋರೇ ಆದರು. ಯಾರೋ ಮೇಲಿನವರಿಗೆ ದೂರು ಬರೆದರು, ವರ್ಷ ತುಂಬುವುದರೊಳಗೆ ಅವರಿಗೆ ಕಡೂರಿನ ಕಡೆಗೆ ವರ್ಗವಾಯಿತು. ಹೊರಡುವ ದಿನ ಒಂದು ಹೊಸ ಅಂಗಿ ಹೊಲಿದು ಪೇಪರಿನಲ್ಲಿ ಸುತ್ತಿಕೊಂಡು ಬಸ್ ಸ್ಟ್ಯಾಂಡಿಗೆ ಹೋದೆ. ಅವತ್ತಿನ ಸಂಗತಿ ಇವತ್ತಾದರೂ ಹೇಳಿಬಿಡೋಣ ಅಂತಲೇ ಹೋದದ್ದು. ಆದರೆ ಅವರೇ ನನ್ನನ್ನು ಪಕ್ಕಕ್ಕೆ ಕರೆದರು.

‘ಒಂದು ಕೇಳ್ಬೇಕು ಕಣಮ್ಮ. ಅವತ್ತು ಆ ಹೆಂಗ್ಸು ಇನ್ನೊಂದು ಮಾತೂ ಅಂದ್ಲು. ನಂಗೆ ಅರ್ಥ ಆಗ್ಲಿಲ್ಲ, ಸಭೇಲಿ ಹೇಳ್ಲಿಲ್ಲ. ಎಲ್ಲಾ ಮನೇಲೂ ಕೇಳಿ ನೋಡ್ದೆ. ನಿಮ್ಮನೇಲಿ ಕೇಳಕ್ಕೆ ಮಾತ್ರ ಧೈರ್ಯ ಬರ್ಲಿಲ್ಲ. ಗುಬ್ಬಕ್ಕ ಅಂದ್ರೆ ಯಾರಮ್ಮ?’

ಅಷ್ಟು ಜನರ ನಡುವೆ, ಕಡೂರು ಬಸ್ಸಿನ ಎದುರಿಗೆ, ನಾನು ಬೊಬ್ಬೆ ಹೊಡೆದು ಅತ್ತೆ. ಮಗು ಹೋದ ದಿನವೂ ಹಾಗೆ ಅತ್ತಿರಲಿಲ್ಲ. ‘ನನ್ನ ಮಗಳು ಅಯ್ನೋರೇ’ ಅಂದೆ, ಅಷ್ಟೇ ಹೇಳಲಾದದ್ದು. ಅವರು ನನ್ನ ತಲೆಯ ಮೇಲೆ ಕೈಯಿಟ್ಟರು. ಕಂಡಕ್ಟರ್ ಸೀಟಿ ಹೊಡೆದ, ಅವರು ಹತ್ತಿದರು.

ಎಷ್ಟೋ ಸಲ ಯೋಚಿಸಿದ್ದೇನೆ. ಮಣ್ಣು ಮಾಡಿದ ದಿನ ನಾನೇ ಆ ಹೆಸರು ಕೂಗಿ ಅತ್ತಿದ್ದೆನೇನೋ, ಅದು ಅಯ್ನೋರ ಕಿವಿಯಲ್ಲಿ ಎಲ್ಲೋ ಉಳಿದಿತ್ತೇನೋ. ಯಜಮಾನರನ್ನು ಕೇಳಿದೆ. ‘ನೀನು ಅವತ್ತು ಬಾಯೇ ಬಿಡ್ಲಿಲ್ಲ ಕಣೇ, ಬಂಡೆ ಥರ ಕೂತಿದ್ದೆ’ ಅಂದರು. ಅವರ ನೆನಪು ತಪ್ಪಿರಲೂಬಹುದು. ಹಾಗಾದರೆ ಆ ವಕೀಲರು ಮೇಜಿನ ಕೆಳಗೆ ಹುಡುಕಿದ್ದು ಏನನ್ನು? ನನಗೆ ತಿಳಿಯದು.

ಈಗ ನನಗೆ ವಯಸ್ಸಾಯಿತು. ಸಭೆಗೆ ಎಷ್ಟೋ ಅಯ್ನೋರು ಬಂದುಹೋದರು. ಯಾವ ಅಯ್ನೋರಿಗೆ ಕಷ್ಟ ಬಂದು ಸರಪಳಿ ಪ್ರಾರ್ಥನೆ ಇಟ್ಟರೂ ಮೂರರಿಂದ ನಾಲ್ಕರ ಪಾಳಿ ನನ್ನದು, ಅದಕ್ಕೆ ಚೀಟಿ ಬರೆಯುವುದೇ ಇಲ್ಲ. ನಾನು ಮೊಣಕಾಲೂರುವುದಿಲ್ಲ. ಬಾಗಿಲು ಹಾಕಿ, ನಿಂತುಕೊಂಡೇ, ಮೊದಲು ಅಯ್ನೋರ ಪರವಾಗಿ ಜೋರು ಮಾಡುತ್ತೇನೆ. ಉಳಿದ ಹೊತ್ತು ದೇವರ ಜೊತೆ ನನ್ನ ಜಗಳ. ಒಂದು ಬೈಗುಳ ಅಜ್ಜಂಪುರದಿಂದ ತರೀಕೆರೆ ತನಕ ಹೋಗೋದಾದ್ರೆ, ಮೂರು ದಿನ ನಾನು ಬೇಡಿಕೊಂಡದ್ದು ನಮ್ಮ ಮನೆ ಹೆಂಚನ್ನೂ ಯಾಕೆ ದಾಟಲಿಲ್ಲ ಅಂತ ಕೇಳುತ್ತೇನೆ. ಇದುವರೆಗೂ ಉತ್ತರ ಬಂದಿಲ್ಲ. ನಾನೂ ಬಿಡುವವಳಲ್ಲ. ಕತ್ತರಿ ಇನ್ನೂ ಮಿಷನ್ನಿನ ಪಕ್ಕದಲ್ಲೇ ಇದೆ.