ಒಂಬತ್ತು ಗಂಟೆ, ಆರು ನಿಮಿಷ, ಏಳು ಸೆಕೆಂಡು

ಬೆಳಗಿನ ಆರು ಗಂಟೆ. ಕಾರ್ಖಾನೆಯ ಪರೀಕ್ಷಾ ಕೋಣೆಯಲ್ಲಿ ರೋಗಿಯ ರಕ್ತನಾಳಕ್ಕೆ ಔಷಧಿ ಹನಿಸುವ ಆರು ಪಂಪುಗಳು ಗಾಜಿನ ಲೋಟಗಳಿಗೆ ಹನಿಹನಿಯಾಗಿ ನೀರು ಬಿಡುತ್ತಿವೆ. ಎದುರಿಗೆ ನಿಂತ ನಲವತ್ತೆಂಟರ ಹೆಂಗಸು ಗಡಿಯಾರದಿಂದ ಕಣ್ಣು ಕೀಳುವುದಿಲ್ಲ. ನಿನ್ನೆ ರಾತ್ರಿ ಒಂಬತ್ತಕ್ಕೆ ಸರಿಯಾಗಿ ಚಾಲೂ ಮಾಡಿದ ಪಂಪುಗಳಿವು. ಆರು ಗಂಟೆ ಆರು ನಿಮಿಷ ದಾಟುತ್ತದೆ. ಎಂಟನೇ ಸೆಕೆಂಡಿಗೆ ಮೂರು ಪಂಪು ನಿಂತುಬಿಡುತ್ತವೆ. ಸದ್ದಿಲ್ಲ, ಕೆಂಪು ದೀಪವೂ ಇಲ್ಲ. ಅವರು ತಿದ್ದಿದ ಮೂರು ಮಾತ್ರ ಓಡುತ್ತಿವೆ.

ಪಂಪಿನೊಳಗಿನ ಚಿಪ್‌ಗೆ ಸಿ ಭಾಷೆಯಲ್ಲಿ ಪ್ರೋಗ್ರಾಂ ಬರೆಯುವುದು ಇವರ ಕೆಲಸ. ಜೊತೆಯವರು ‘ಅಳತೆಯಕ್ಕ’ ಎಂದು ಕಾಲೆಳೆಯುತ್ತಾರೆ. ಹೋದ ವರ್ಷ ಕಂಪನಿ ಅಗ್ಗದ ಚಿಪ್ ತಂದಿತು. ಎಡವಟ್ಟು ಆದದ್ದು ಅಲ್ಲೇ.

“ಸಂಖ್ಯೆ ಇಡೋಕೆ ‘ಇಂಟ್’ ಅಂತ ಬರೀತೀವಿ. ಅದೆಷ್ಟು ದೊಡ್ಡದು ಅನ್ನೋದು ಚಿಪ್ ಮೇಲೆ ಹೋಗುತ್ತೆ. ಹಳೇದರಲ್ಲಿ ಬಿಂದಿಗೆ, ಹೊಸದರಲ್ಲಿ ಚೊಂಬು. ಸೆಕೆಂಡು ಎಣಿಸ್ತಾ ಮೂವತ್ತೆರಡು ಸಾವಿರದ ಏಳುನೂರ ಅರವತ್ತೇಳು ಆದ್ಮೇಲೆ ಚೊಂಬು ತುಂಬಿ ಲೆಕ್ಕ ಮೈನಸ್‌ಗೆ ಹೋಗುತ್ತೆ. ಪಂಪು ತಾನಿನ್ನೂ ಶುರುವೇ ಆಗಿಲ್ಲ ಅಂದ್ಕೊಂಡು ಕೂತ್ಬಿಡುತ್ತೆ.”

ಯಾವ ಚಿಪ್‌ನಲ್ಲೂ ಅಳತೆ ಬದಲಾಗದ ಹೆಸರುಗಳಿವೆ: ಬಿಂದಿಗೆಗೆ ‘ಇಂಟ್32_ಟಿ’, ಚೊಂಬಿಗೆ ‘ಇಂಟ್16_ಟಿ’. ಇನ್ನೂರ ಹದಿನಾಲ್ಕು ಫೈಲುಗಳಲ್ಲಿ ಪ್ರತಿ ‘ಇಂಟ್’ ತೆಗೆದು ಅವುಗಳಲ್ಲಿ ತಕ್ಕದ್ದನ್ನು ಹಾಕುತ್ತಿದ್ದಾರೆ. ದಿನಕ್ಕೆ ಮುನ್ನೂರು ಸಾಲು. ಎಲ್ಲವನ್ನೂ ಒಂದೇ ಏಟಿಗೆ ದೊಡ್ಡದು ಮಾಡಬಾರದೇ ಎಂದು, ಅವರ ಕೆಲಸ ನೋಡಲು ಬಂದಿದ್ದ ನಾನು ಕೇಳಿದೆ. “ಎಲ್ಲಾ ಕಡೆ ಬಿಂದಿಗೆ ಇಡೋಕೆ ಈ ಬಡಪಾಯಿ ಚಿಪ್‌ನಲ್ಲಿ ಜಾಗ ಎಲ್ಲಿದೆ?” ಎಂದು ನಕ್ಕರು. ಆ ದಿನ ಅವರು ನಕ್ಕಿದ್ದು ಅದೊಂದೇ ಸಲ.

ಕಾರ್ಖಾನೆಯ ಪರೀಕ್ಷೆ ಒಂದು ಪಾಳಿಯದು, ಎಂಟು ಗಂಟೆ. ಹೀಗಾಗಿ ಎಲ್ಲ ಪಂಪೂ ಪಾಸು. ಗುಟ್ಟು ಹೊರಬಿದ್ದದ್ದು ಮನೆಯಲ್ಲಿ. ಅವರ ಅತ್ತಿಗೆ ಮಕ್ಕಳ ವಾರ್ಡಿನ ನರ್ಸ್. ಒಗೆದ ಬಟ್ಟೆ ಮಡಚುತ್ತಾ ಹೇಳಿದರಂತೆ: “ನಿಮ್ಮ ಹೊಸ ಪಂಪು ಬೆಳಗಿನ ಜಾವ ನಿಂತ್ಹೋಗುತ್ತೆ ಕಣೇ. ಆಫ್ ಮಾಡಿ ಆನ್ ಮಾಡ್ಕೋತೀವಿ ಬಿಡು.”

ಅಷ್ಟರಲ್ಲಿ ನಾನೂರು ಪಂಪು ಆಸ್ಪತ್ರೆಗಳನ್ನು ಸೇರಿಯಾಗಿತ್ತು. ವಾಪಸ್ ತರಿಸಿ ಎಂದು ನಾಲ್ಕು ಸಲ ಬರೆದರು. “ಆಫ್ ಮಾಡಿ ಆನ್ ಮಾಡಿದ್ರೆ ಸರಿಹೋಗುತ್ತಲ್ಲಮ್ಮ, ಊರಿಗೆಲ್ಲ ಯಾಕೆ ಸಾರೋದು?” ಎಂದರಂತೆ ಮ್ಯಾನೇಜರು. ಕೇಳಿ ನನಗೆ ಮೈ ಉರಿಯಿತು. ಅಳತೆಯಕ್ಕನಿಗೆ ಸಿಟ್ಟು ಮಾಡುವಷ್ಟು ತ್ರಾಣವೂ ಉಳಿದಂತಿಲ್ಲ. ಇವರ ತಿದ್ದುಪಡಿಯೆಲ್ಲ ಮುಂದೆ ಮಾರುವ ಪಂಪುಗಳಿಗೆ ಮಾತ್ರ.

“ಸೆಕೆಂಡು ಎಣಿಸೋ ಆ ಸಾಲು ಬರೆದವಳು ನಾನೇ,” ಎನ್ನುತ್ತಾರೆ, ಲೋಟದ ನೀರು ಚೆಲ್ಲುತ್ತಾ.

ನಿಮ್ಮ ಆಸೆ ಏನು ಎಂದು ಕೇಳುತ್ತೇನೆ. ಖಾಲಿ ಲೋಟವನ್ನು ಮತ್ತೆ ಪಂಪಿನ ಕೆಳಗೆ ಇಡುತ್ತಾರೆ.

“ರಾತ್ರಿ ಪಾಳೀಲಿ ಇಪ್ಪತ್ತೆರಡು ಮಕ್ಕಳಿಗೆ ಅತ್ತಿಗೆ ಒಬ್ಬರೇ. ಬೆಳಗಿನ ಜಾವ ಅವರಿಗೆ ಕಣ್ಣು ಹತ್ತದೇ ಇದ್ರೆ ಸಾಕು.”