ಮೇಜಿನ ಬಳಿಗೆ ಬಾರದ ಅಕ್ಕ

ಆ ಭಾನುವಾರ ಆರಾಧನೆಯ ಕೊನೆಯಲ್ಲಿ ಅಯ್ಯನವರು ಪ್ರಕಟಣೆಗಳನ್ನು ಓದಿದರು. ನಮ್ಮದು ಹೊಳೆನರಸೀಪುರದ ಚಿಕ್ಕ ಸಭೆ. ಮೆಥೋಡಿಸ್ಟ್ ಮಿಷನ್ನಿನವರ ಕಾಲದ ಹೆಂಚಿನ ದೇವಾಲಯ. ಸಭಾಪಾಲಕರನ್ನು ನಾವು ಅಯ್ಯನವರು ಎಂದೇ ಕರೆಯುವುದು. ಬುಧವಾರದ ಪ್ರಾರ್ಥನೆ ಯಾರ ಮನೆಯಲ್ಲಿ, ಬೆಳೆ ಹಬ್ಬಕ್ಕೆ ಯಾರು ಏನು ತರಬೇಕು, ಇದೆಲ್ಲ ಮುಗಿದ ಮೇಲೆ ಒಂದು ಪತ್ರ ಬಿಚ್ಚಿದರು. ಕರಾವಳಿಯ ಮೆಥೋಡಿಸ್ಟ್ ಸಭೆಯೊಂದು ನಮ್ಮ ಸ್ತ್ರೀ ಸಂಘವನ್ನು ಕರೆದಿತ್ತು. ಶನಿವಾರ ಸಂಜೆ ಹಾಡಿನ ಕೂಟ, ಭಾನುವಾರ ಬೆಳಿಗ್ಗೆ ಕರ್ತನ ಭೋಜನದ ಆರಾಧನೆ, ಮಧ್ಯಾಹ್ನ ಊಟ, ಆಮೇಲೆ ಎಲ್ಲರೂ ಕೂಡಿ ಕಡಲ ದಂಡೆಗೆ. ದೇವಾಲಯದ ಕಿಟಕಿಯಿಂದಲೇ ಸಮುದ್ರ ಕಾಣುತ್ತದೆ ಎಂದೂ ಬರೆದಿದ್ದರು.

ಹೊರಗೆ ಹೆಸರು ಬರೆಸುವಾಗ ಒಂದೇ ಗದ್ದಲ.

"ನೀವೆಲ್ಲ ಮೀನು ತಿನ್ನಕ್ಕೆ ಒಂಟಿದೀರ, ಆರಾಧನೆಗಲ್ಲ," ಎಂದರು ಪಟ್ಟಿ ಬರೆಯುತ್ತಿದ್ದ ಸಂಘದ ಕಾರ್ಯದರ್ಶಿ.

"ತಿಂದ್ರೆ ತಿಂತೀವಿ, ಯೇಸುಸ್ವಾಮಿ ಸಿಸ್ಯ ಪೇತ್ರನೂ ಮೀನು ಇಡಿಯೋನೇ ಅಲ್ವಾ? ನೀವು ಮಾತ್ರ ದಡದಲ್ಲೇ ಕೂತ್ಕಳಿ. ಅದು ನಮ್ ಏಮಾವತಿ ನದಿ ಅಲ್ಲ, ಬಿದ್ರೆ ಎತ್ತೋರಿಲ್ಲ!"

ಹಾಗೆ ಅಂದು ಎಲ್ಲರನ್ನೂ ನಗಿಸಿದವಳು ನನ್ನ ಓರಗಿತ್ತಿ. ನನ್ನ ಭಾವನ ಹೆಂಡತಿ. ನಾನು ಅಕ್ಕ ಎನ್ನುತ್ತೇನೆ. ಹಳೇಕೋಟೆಯಿಂದ ಬಸ್ಸಿಗೆ ಬಂದು ನನ್ನ ಪಕ್ಕದಲ್ಲೇ ಕೂರುತ್ತಿದ್ದಳು. ಆ ದಿನ ಎಲ್ಲರಿಗಿಂತ ಮೊದಲು ಹೆಸರು ಬರೆಸಿದ್ದೂ ಅವಳೇ. ಸಮುದ್ರ ನೋಡಿರಲಿಲ್ಲ. ಆಗಲೇ ಹೊಟ್ಟೆಯ ನೋವಿಗೆಂದು ಎರಡು ಸಲ ಹಾಸನದ ಆಸ್ಪತ್ರೆಗೆ ಹೋಗಿ ಬಂದಿದ್ದಳು. ಸೀರೆಯ ನೆರಿಗೆ ಸೊಂಟದಲ್ಲಿ ನಿಲ್ಲುತ್ತಿರಲಿಲ್ಲ, ಪಿನ್ನು ಹಾಕಿಕೊಂಡು ಬರುತ್ತಿದ್ದಳು.

ಇನ್ನೊಂದು ವಿಷಯ ಹೇಳಬೇಕು. ಇಷ್ಟು ಬಾಯಿಯವಳು, ಇಷ್ಟು ಹಾಡುವವಳು, ಐದು ವರ್ಷದಿಂದ ಕರ್ತನ ಮೇಜಿನ ಬಳಿಗೆ ಹೋಗಿರಲಿಲ್ಲ. ನಮ್ಮಲ್ಲಿ ತಿಂಗಳ ಮೊದಲ ಭಾನುವಾರ ಕರ್ತನ ಭೋಜನ. ಬೆಂಚು ಬೆಂಚಾಗಿ ಎದ್ದು ಹೋಗಿ, ಮರದ ಕಟಕಟೆಯ ಮುಂದೆ ಮೊಣಕಾಲೂರಿ ರೊಟ್ಟಿ, ದ್ರಾಕ್ಷಾರಸ ತೆಗೆದುಕೊಳ್ಳುತ್ತೇವೆ. ಯಾರ ಮೇಲಾದರೂ ಮನಸ್ತಾಪವಿದ್ದವರು ಏಳಬಾರದು. ಮೊದಲು ರಾಜಿಯಾಗಿ ಬರಬೇಕು. ನಮ್ಮ ಅತ್ತೆ ಕಲಿಸಿದ್ದು ಅದು. ಈಗಿನವರು ಅಷ್ಟಾಗಿ ನೋಡುವುದಿಲ್ಲ. ಅಕ್ಕ ನೋಡುತ್ತಿದ್ದಳು. ನಮ್ಮ ಬೆಂಚಿನ ಸರದಿ ಬಂದಾಗ ಮೊಣಕಾಲನ್ನು ಪಕ್ಕಕ್ಕೆ ತಿರುಗಿಸಿ ನನಗೆ ದಾರಿ ಬಿಡುತ್ತಿದ್ದಳು. ನಾನು ಹೋಗಿ, ತೆಗೆದುಕೊಂಡು, ಸೆರಗಿನಲ್ಲಿ ಬಾಯಿ ಒರೆಸಿಕೊಂಡು ಬರುತ್ತಿದ್ದೆ.

"ಏನೋ ಪಾಪ ಇರಬೇಕು ಕಣ್ರೀ, ಇಲ್ದಿದ್ರೆ ಯಾಕಂಗೆ ಕೂರ್ತಾಳೆ?" ಎಂದು ಹಿಂದಿನ ಬೆಂಚಿನವರು ಪಿಸುಗುಟ್ಟಿದ್ದು ನನಗೂ ಕೇಳಿತ್ತು. ನಾನು ತಿರುಗಿ ನೋಡಲಿಲ್ಲ.

ಕಾರಣ ನನಗೆ ಗೊತ್ತಿತ್ತು. ಅತ್ತೆ ತೀರಿಕೊಂಡ ದಿನ ಅಕ್ಕ ಮಗಳ ಬಾಣಂತನಕ್ಕೆಂದು ಮಲ್ಲಿಪಟ್ಟಣದಲ್ಲಿದ್ದಳು. ಸುದ್ದಿ ಕೇಳಿ ಹೊರಟಳು. ಅರಕಲಗೂಡಿನಿಂದ ಫೋನು ಮಾಡಿ, "ಬಸ್ಸಿಗೆ ಕಾಯ್ತಾ ಇವ್ನಿ, ಮುಖ ಮುಚ್ಚಬ್ಯಾಡಿ ಕಣೆ, ಬಂದ್ಬುಟ್ಟೆ," ಎಂದಳು. ಅವಳು ಬಂದಾಗ ಮಣ್ಣು ಮುಚ್ಚಿ ಆಗಿತ್ತು. ಹಸಿ ಮಣ್ಣಿನ ಮೇಲೆ ಅಂಗೈ ಇಟ್ಟುಕೊಂಡು, "ಒಂದ್ ಗಂಟೆ ಕಾಯಕ್ಕಾಗಲಿಲ್ವಾ?" ಎಂದು ಕೇಳಿದಳು. ನಾನು ಹೇಳಿದೆ: "ನಾನೇನ್ ಮಾಡ್ಲಿ ಅಕ್ಕ, ಅಯ್ಯನೋರಿಗೆ ಚನ್ನರಾಯಪಟ್ಟಣದಲ್ಲಿ ಆರಾಧನೆ ಇತ್ತಂತೆ. ಕಾಯಕ್ಕಾಗಲ್ಲ ಅಂದ್ಬುಟ್ರು."

ಆಗಿನ ಅಯ್ಯನವರು ಬೇರೆ, ವಯಸ್ಸಾದವರು, ದೊಡ್ಡ ಅಯ್ಯನವರು ಎನ್ನುತ್ತಿದ್ದೆವು. ಅವರು ಹಾಗೆ ಅಂದಿರಲಿಲ್ಲ. "ದೊಡ್ಡ ಸೊಸೆ ಬರಲಿ ತಾಯಿ, ಚನ್ನರಾಯಪಟ್ಟಣದವರಿಗೆ ಫೋನು ಮಾಡಿ ತಡವಾಗುತ್ತೆ ಅಂತ ಹೇಳ್ತೀನಿ," ಎಂದಿದ್ದರು. ಕಾಯಬೇಡಿ, ಅವಳು ಈ ಹೊತ್ತಿಗೆ ಬರುವುದಿಲ್ಲ ಎಂದವಳು ನಾನು. ಯಾಕೆ ಎಂದು ಬರೆಯಲು ಈಗಲೂ ಕೈ ತಡೆಯುತ್ತದೆ. ಮೋಡ ಕವಿದಿತ್ತು, ಬಂದವರು ಹಸಿದಿದ್ದರು, ಅದೆಲ್ಲ ನಿಜ. ಆದರೆ ಮೂರು ವರ್ಷ ಅತ್ತೆಯ ಹಾಸಿಗೆ ಬಟ್ಟೆ ಒಗೆದವಳು ನಾನು, ಅಳುವುದಕ್ಕೆ ಮಾತ್ರ ಅವಳು ಬರಬೇಕೇ ಎಂಬ ಹುಳುಕು ನನ್ನೊಳಗಿತ್ತು. ಅದೂ ನಿಜ.

ಒಂದು ಮಾತಿನ ಸುಳ್ಳು. ಅಕ್ಕ ಅದನ್ನು ನಂಬಿ, ಮುಂದಿನ ತಿಂಗಳಿಂದ ಆ ಅಯ್ಯನವರ ಕೈಯಿಂದ ರೊಟ್ಟಿ ತೆಗೆದುಕೊಳ್ಳುವುದನ್ನೇ ಬಿಟ್ಟಳು. "ಅವರ ಮುಖ ನೋಡಿದ್ರೆ ಅತ್ತೆ ಮಣ್ಣೇ ಕಾಣ್ತದೆ ಕಣೆ. ಈ ಕೋಪ ಇಟ್ಕಂಡು ಎಂಗೆ ಓಗಲಿ?" ಎಂದು ನನ್ನೊಬ್ಬಳಿಗೇ ಹೇಳಿದಳು. ಅವರಿಗೆ ನಿವೃತ್ತಿಯಾಯಿತು, ಚನ್ನರಾಯಪಟ್ಟಣದಲ್ಲೇ ಮನೆ ಮಾಡಿದರು, ಅಲ್ಲೇ ತೀರಿಕೊಂಡರು. ಅಕ್ಕನ ಮದುವೆ ಮಾಡಿಸಿದವರು ಅವರು. ಅಕ್ಕ ಮಣ್ಣಿಗೂ ಹೋಗಲಿಲ್ಲ. ಹೊಸ ಅಯ್ಯನವರು ಬಂದ ಮೇಲಾದರೂ ಏಳುತ್ತಾಳೆಂದುಕೊಂಡೆ. "ಸತ್ತೋರ ಜೊತೆ ಎಂಗವ್ವ ರಾಜಿ ಆಗೋದು?" ಎಂದಳು. ಕೂತೇ ಇದ್ದಳು.

ಪಟ್ಟಿಗೆ ಹೆಸರು ಬರೆಸಿದ ಎರಡು ವಾರಕ್ಕೆ ಹಾಸನದ ವೈದ್ಯರು ಇನ್ನು ಮನೆಗೆ ಕರೆದುಕೊಂಡು ಹೋಗಿ ಎಂದುಬಿಟ್ಟರು. ಮಲ್ಲಿಪಟ್ಟಣದ ಮಗಳು ಬಂದು ಹಳೇಕೋಟೆಯಲ್ಲಿ ನಿಂತಳು. ನಾನು ರಾಗಿ ಗಂಜಿ ಮಾಡಿಕೊಂಡು ಹೋದೆ. ನಾಲ್ಕು ಚಮಚ ಕುಡಿದಳು, ವಾಂತಿಯಾಗಲಿಲ್ಲ. ಅದಕ್ಕೆ ಮನಸ್ಸಿನಲ್ಲೇ ಸ್ತೋತ್ರ ಹೇಳಿದೆ. ಆಗ ಅಕ್ಕ ಕೇಳಿದಳು:

"ಪಟ್ಟೀಲಿ ನನ್ ಹೆಸರು ಒಡೆದಾಕಿಲ್ಲ ತಾನೇ?"

"ಇಲ್ಲ ಅಕ್ಕ. ಐತೆ."

"ಅಲ್ಲಿ ಅಯ್ಯನೋರು ಯಾರೋ ಏನೋ, ನನ್ನ ಕಂಡಿಲ್ಲ. ಸಮುದ್ರ ನೋಡ್ಕಂಡು ಅಲ್ಲೇ ಒಂದ್ಸಲ ತಗಂಬುಡಾನ ಅಂತ ಆಸೆ ಕಣೆ." ಸ್ವಲ್ಪ ಹೊತ್ತು ಸೂರು ನೋಡಿದಳು. "ಆದ್ರೆ ಆ ದೊಡ್ಡ ಅಯ್ಯನೋರ ಮ್ಯಾಲಿನ ಕೋಪ ಓಗಿಲ್ಲ. ಅದನ್ನ ಒಳಗಿಟ್ಕಂಡು ತಗಂಡ್ರೆ ದೋಸ ಅಲ್ವಾ? ನೀನು ಬೈಬಲ್ ಓದೋಳು, ನೀನೇ ಯೋಳು."

ನನ್ನ ಕೈಯಲ್ಲಿ ಗಂಜಿಯ ಲೋಟವಿತ್ತು. ದೋಷವಿಲ್ಲ, ದೇವರು ದೊಡ್ಡವನು ಎಂದು ಹೇಳಿ ಎದ್ದು ಬರಬಹುದಿತ್ತು. ನಾಲಿಗೆಯ ತುದಿಗೆ ಅದೇ ಬಂದಿತ್ತು. ಲೋಟ ಕೆಳಗಿಟ್ಟು ಹೇಳಿದೆ.

"ಅಕ್ಕ, ಅವರು ಕಾಯ್ತೀನಿ ಅಂದಿದ್ರು. ಬ್ಯಾಡ ಅಂದೋಳು ನಾನು."

ಅವಳು ಅಳಲಿಲ್ಲ, ಬೈಯಲೂ ಇಲ್ಲ. ಬೈದಿದ್ದರೆ ಚೆನ್ನಾಗಿತ್ತು. "ಅವರು ಸತ್ತಾಗಲೂ ಯಾಕೆ ನಿಜ ಯೋಳಲಿಲ್ಲ ನೀನು?" ಎಂದು ಕೇಳಿದಳು. ಗೋಡೆಯ ಕಡೆ ಹೊರಳಿದಳು. "ಬಸ್ಸಿನ ಒತ್ತಾಯ್ತು. ಓಗು."

ಹತ್ತು ದಿನ ಕಳೆದು ಅವಳ ಮಗಳು ಅಯ್ಯನವರಿಗೆ ಫೋನು ಮಾಡಿದಳಂತೆ: ಅಮ್ಮ ಮನೆಯಲ್ಲೇ ಕರ್ತನ ಭೋಜನ ತೆಗೆದುಕೊಳ್ಳುತ್ತಾರಂತೆ, ಬನ್ನಿ ಎಂದು. ಭೋಜನದ ಪಾತ್ರೆಗಳನ್ನು ತೊಳೆದಿಡುವ ಸೇವೆ ನನ್ನದು. ಪುಟ್ಟ ಲೋಟಗಳನ್ನು ಬಿಳಿ ಬಟ್ಟೆಯಲ್ಲಿ ಸುತ್ತಿ ಅಯ್ಯನವರಿಗೆ ಕೊಟ್ಟೆ. "ನೀವೂ ಬನ್ನಿ, ಓರಗಿತ್ತಿ ಅಲ್ವಾ," ಎಂದರು ಅವರು. ಅವರಿಗೆ ಏನೂ ಗೊತ್ತಿರಲಿಲ್ಲ. ಹೋದೆ.

ಅಕ್ಕ ಗೋಡೆಗೆ ಒರಗಿ ಕೂತಿದ್ದಳು. ಮಗಳು ತಲೆ ಬಾಚಿ, ಬಿಳಿ ಸೀರೆ ಸುತ್ತಿದ್ದಳು. ರೊಟ್ಟಿ ಮುರಿಯುವ ಮೊದಲು ಅಕ್ಕ ಕೈ ಎತ್ತಿ ತಡೆದಳು.

"ಅಯ್ಯನೋರೇ, ಒಂದ್ ಮಾತು. ದೊಡ್ಡ ಅಯ್ಯನೋರ ಮ್ಯಾಲೆ ಇಲ್ಲದ ತೆಪ್ಪು ಒರಿಸಿ ಐದು ವರ್ಸ ಕೋಪ ಇಟ್ಕಂಡಿದ್ದೆ. ಅವರು ಒಳ್ಳೇರು. ದೇವರು ನನ್ನ ಮನ್ನಿಸಲಿ."

ತಪ್ಪು ಹೇಗೆ ಬಂತು, ಯಾರು ಹೇಳಿದ್ದು, ಒಂದೂ ಹೇಳಲಿಲ್ಲ. ನನ್ನ ಹೆಸರು ಅವಳ ಬಾಯಿಂದ ಬರಲಿಲ್ಲ. ನನ್ನ ಕಡೆ ನೋಡಲೂ ಇಲ್ಲ. ರೊಟ್ಟಿ ತಿಂದಳು, ರಸ ಕುಡಿದಳು, ಗಲ್ಲಕ್ಕೆ ಇಳಿದ ಒಂದು ತೊಟ್ಟನ್ನು ಮಗಳು ಒರೆಸಿದಳು. ಅಯ್ಯನವರು ನನ್ನತ್ತ ತಟ್ಟೆ ಹಿಡಿದಾಗ ನಾನು ಬೇಡವೆಂದು ತಲೆಯಾಡಿಸಿ ಬಾಗಿಲಲ್ಲೇ ನಿಂತೆ. ಮುಂದಿನ ಗುರುವಾರ ಬೆಳಿಗ್ಗೆ ಅಕ್ಕ ಹೋದಳು.

ನೋವಿನಲ್ಲಿ ಕೂಗಾಡದೆ ಹೋದಳು. ಮಗಳ ಕೈ ಹಿಡಿದು ಹೋದಳು. ಮೇಜಿನಿಂದ ದೂರವಾಗಿ ಹೋಗಲಿಲ್ಲ. ಮಲಗುವ ಮುಂಚೆ ದೇವರ ಉಪಕಾರಗಳನ್ನು ಎಣಿಸುವ ರೂಢಿ ನನಗೆ, ಇವನ್ನೂ ಎಣಿಸುತ್ತೇನೆ. ಆದರೆ ನನ್ನನ್ನು ಕಾಪಾಡಿದ ಆ ಮೌನ ಕ್ಷಮೆಯೋ, ಇಂಥವಳ ಹೆಸರು ಎತ್ತುವುದೇ ಬೇಡವೆಂಬ ಬೇಸರವೋ, ನನಗೆ ತಿಳಿಯದು. ಕೇಳೋಣವೆಂದರೆ ಅವಳು ಮಣ್ಣಿನಲ್ಲಿದ್ದಾಳೆ. ಬರುವ ಶನಿವಾರ ಸಂಘದವರು ಕರಾವಳಿಗೆ ಹೊರಡುತ್ತಾರೆ. ನನ್ನ ಹೆಸರು ತೆಗೆಸಿದೆ. ಮೊಣಕಾಲು ನೋವು ಅಂದುಕೊಂಡಿದ್ದಾರೆ. ಅಯ್ಯನವರಿಗೆ ಮಾತ್ರ ಎಲ್ಲ ಹೇಳಿದೆ. ಅವರು "ಅಕ್ಕನಿಗೆ ಹೇಳಿದ್ದು ಆಯ್ತು. ಇನ್ನೊಬ್ಬರು ಇದ್ದಾರಲ್ಲ," ಎಂದರು.

ಹಾಗಾಗಿ ನಿನ್ನೆ ಚನ್ನರಾಯಪಟ್ಟಣಕ್ಕೆ ಹೋದೆ. ದೊಡ್ಡ ಅಯ್ಯನವರ ಹೆಂಡತಿ, ನಮ್ಮ ಹಳೆಯ ಅಮ್ಮನವರು, ಅಂಗಳದಲ್ಲಿ ಅವರೆಕಾಯಿ ಸುಲಿಯುತ್ತಿದ್ದರು. ನನ್ನನ್ನು ಕಂಡು ಹಿಗ್ಗಿದರು. ನಾನು ಕೂರಲಿಲ್ಲ. ಕೂತರೆ ಹೇಳಲಾಗುವುದಿಲ್ಲ ಎಂದು ನಿಂತೇ ಎಲ್ಲ ಹೇಳಿದೆ.

ಅವರ ಕೈ ನಿಂತಿತು.

"ನನ್ನ ಕೈಲಿ ಯಾಕೆ ಆ ತಾಯಿ ತಗೊಳ್ತಿಲ್ಲ, ನಾನೇನು ತಪ್ಪು ಮಾಡ್ದೆ ಅಂತ ಇವರು ಕೊನೇವರೆಗೂ ಕೇಳ್ತಿದ್ರು," ಎಂದರು. "ನನ್ನ ಕೇಳೋರು. ನನಗೇನು ಗೊತ್ತು? ಏನಿಲ್ಲ ಬಿಡಿ ಅಂತಿದ್ದೆ."

"ಅಮ್ಮನೋರೇ, ನನ್ನ ಕ್ಷಮಿಸಿ."

ಅವರು ಮೊರವನ್ನು ಪಕ್ಕಕ್ಕಿಟ್ಟು ನನ್ನ ಮುಖ ನೋಡಿದರು. "ಇವತ್ತು ಆಗಲ್ಲಮ್ಮ. ಸುಳ್ಳು ಹೇಳಲ್ಲ, ಇವತ್ತು ನನ್ನಿಂದ ಆಗಲ್ಲ," ಎಂದರು. ಸೆರಗಿನಿಂದ ಕಣ್ಣೊರೆಸಿಕೊಂಡು ಎದ್ದು ಒಳಗೆ ಹೋದರು. ನಾನು ಹೊರಡುವುದೋ ನಿಲ್ಲುವುದೋ ತಿಳಿಯದೆ ಅಂಗಳದಲ್ಲೇ ಇದ್ದೆ. ಒಲೆ ಹಚ್ಚಿದ ಸದ್ದಾಯಿತು. ಆಮೇಲೆ ಒಳಗಿನಿಂದ, ಮುಖ ತೋರಿಸದೆಯೇ, ಕೇಳಿದರು:

"ಕಾಫಿಗೆ ಸಕ್ಕರೆ ಹಾಕ್ತೀಯಾ, ಬಿಟ್ಟಿದ್ದೀಯಾ?"