ಕಂಪ್ಯೂಟರಿಗೆ ಇಳಿಯದೆ ಹೋದ ಒಡಪು

ಮೊನ್ನೆ ಚಿತ್ತಾಪುರದ ದವಾಖಾನೆಯಲ್ಲಿ ಸಕ್ಕರೆ ತಪಾಸಣೆಗೆ ರಕ್ತ ಕೊಡಲು ಕೂತಿದ್ದೆ. ನರ್ಸಮ್ಮ ನನ್ನ ತೋಳಿಗೆ ಸ್ಪಿರಿಟ್ ಒರೆಸಿದಳು. ಆ ವಾಸನೆ ಮೂಗಿಗೆ ಬಡಿದದ್ದೇ ತಡ, ಸೂಜಿ ಚುಚ್ಚಿದ್ದು ತಿಳಿಯಲಿಲ್ಲ. ಸ್ಪಿರಿಟ್ ಎಂದರೆ ಉಳಿದವರಿಗೆ ದವಾಖಾನೆ ನೆನಪಾಗುತ್ತದೆ. ನನಗೆ ನೆನಪಾಗುವುದು ವಾಡಿಯಲ್ಲಿ ಎಲ್ಲರಿಗೂ ಅತ್ತಿಗೆಯಂತಿದ್ದ ಸ್ಟುಡಿಯೋ ವೈನಿ. ಅವರು ವಿಡಿಯೋ ಕ್ಯಾಮೆರಾದ ಹೊಟ್ಟೆ ತೆರೆದು ಇದೇ ಸ್ಪಿರಿಟ್‌ನಿಂದ ಟೇಪು ಓದುವ ಅದರ ಹೆಡ್ ಒರೆಸುತ್ತಿದ್ದರು. ಹತ್ತಿಯ ಎಳೆ ಸಿಕ್ಕಿಬೀಳುತ್ತದೆಂದು ಕನ್ನಡಕ ಒರೆಸುವ ಬಟ್ಟೆಯನ್ನು ಬೆರಳಿಗೆ ಸುತ್ತಿಕೊಂಡು, ಉಸಿರು ಹಿಡಿದು ಒರೆಸುತ್ತಿದ್ದರು…

ಸ್ಟುಡಿಯೋ ಅಂದರೆ ಬಾಗಿಲ ಮೇಲಿನ ಒಂದು ಬೋರ್ಡು, ಅಷ್ಟೇ. ಅವರ ಗಂಡ ಕ್ಯಾಮೆರಾ ಹೆಗಲಿಗೇರಿಸಿ ಶಹಾಬಾದ್, ಸೇಡಂ, ಚಿಂಚೋಳಿ ಎಂದು ಮದುವೆಗಳ ಹಿಂದೆ ತಿರುಗುತ್ತಿದ್ದರು. ತಂದ ಟೇಪನ್ನು ಕಂಪ್ಯೂಟರಿಗೆ ಇಳಿಸಿ, ಕತ್ತರಿಸಿ, ಜೋಡಿಸಿ ಸಿಡಿ ಮಾಡುವುದೆಲ್ಲ ವೈನಿಯ ಕೆಲಸ. ಅಡುಗೆಮನೆಯ ಪಕ್ಕದ ಕೋಣೆಯಲ್ಲಿ ಕಂಪ್ಯೂಟರ್ ಇತ್ತು. ಕುಕ್ಕರ್ ಕೂಗಿದರೆ ಎದ್ದು ಹೋಗುವರು, ಬಂದು ಮತ್ತೆ ಮೌಸ್ ಹಿಡಿಯುವರು.

ಆಗಿನ ಮದುವೆ ಸಿಡಿಗಳನ್ನು ನೋಡಿದವರಿಗೆ ಗೊತ್ತು, ಅದರಲ್ಲಿ ಮನುಷ್ಯರ ದನಿ ಇರುವುದಿಲ್ಲ. ಅಕ್ಷತೆ ಬೀಳುವಾಗ ಒಂದು ಸಿನಿಮಾ ಹಾಡು, ಊಟಕ್ಕೆ ಕೂತಾಗ ಇನ್ನೊಂದು. ಜನ ಬಯಸುತ್ತಿದ್ದದ್ದೇ ಅದು. ಕೆಲಸ ಮುಗಿದ ಟೇಪಿನ ಮೇಲೆ ಮುಂದಿನ ಮದುವೆ ತುಂಬುತ್ತಿದ್ದರು. ಆದರೆ ಬಸುರಿಯ ಕುಬುಸ, ಕೂಸಿನ ತೊಟ್ಟಿಲಂಥ ಹೆಂಗಸರ ಕಾರ್ಯಗಳ ಟೇಪನ್ನು ವೈನಿ ಅಳಿಸಗೊಡುತ್ತಿರಲಿಲ್ಲ. ಅವರಿಗೆ ಒಡಪಿನ ಹುಚ್ಚು. ಗಂಡನ ಹೆಸರನ್ನು ಎಂದೂ ಬಾಯಿಬಿಟ್ಟು ಹೇಳದ ನಮ್ಮ ಕಡೆಯ ಹೆಣ್ಣುಮಕ್ಕಳು ಇಂಥ ಕಾರ್ಯಗಳಲ್ಲಿ ಮಾತ್ರ, ಎಲ್ಲರೂ ಕಾಡಿದಾಗ, ಪ್ರಾಸ ಕಟ್ಟಿ ಕೊನೆಗೆ ಹೆಸರು ಸೇರಿಸಿ ಹೇಳುತ್ತಾರಲ್ಲ, ಆ ಒಡಪು. ಗಂಡ ಹೊಸ ಟೇಪಿಗೆ ದುಡ್ಡೆಲ್ಲಿಂದ ತರಲಿ ಎಂದು ಗೊಣಗಿದರೂ ಇವರು ಅವನ್ನು ಕಪಾಟಿನಿಂದ ಕದಲಿಸಲಿಲ್ಲ.

ನಾನು ಗೂಡ್ಸ್ ಗಾಡಿಯ ಗಾರ್ಡ್ ಆಗಿದ್ದೆ. ಗಾಡಿ ಬಿಡಲು ಹಸಿರು ನಿಶಾನಿ, ತಡೆಯಲು ಕೆಂಪು ನಿಶಾನಿ, ಇದೇ ನನ್ನ ಬದುಕು. ಮದುವೆಯಾಗಿ ಮನೆ ತುಂಬಿಕೊಳ್ಳುವಾಗ ಹೆಂಗಸರು ಹೊಸ್ತಿಲಿಗೆ ಅಡ್ಡ ನಿಂತು ಹೆಸರು ಹೇಳೆಂದು ಕಾಡಿದರೂ ನನ್ನ ಹೆಂಡತಿ ತಲೆ ಬಗ್ಗಿಸಿ ನಿಂತೇ ಇದ್ದಳು. ಕೊನೆಗೆ ನಮ್ಮವ್ವನೇ ಸೋತು ಒಳಗೆ ಬಿಟ್ಟಳು. ಆಮೇಲೂ ಅಷ್ಟೇ, ನಾನು ಅವಳಿಗೆ "ರೀ" ಮಾತ್ರ ಆಗಿದ್ದೆ. ಗುಂಡಗುರ್ತಿಯ ತವರಿನಲ್ಲಿ ಅವಳ ಕುಬುಸ ನಡೆದ ದಿನ ನಾನು ಎಲ್ಲೋ ಬೇರೆ ಗಾಡಿಗೆ ದಾರಿ ಬಿಟ್ಟು ಲೂಪ್ ಲೈನಿನಲ್ಲಿ ಸಿಮೆಂಟ್ ತುಂಬಿದ ಗಾಡಿಯ ಜೊತೆ ನಿಂತಿದ್ದೆ. ಅವತ್ತು ಒಡಪು ಹೇಳಿದಳಂತೆ! ಅತ್ತೆ ನನ್ನೆದುರು ಹಿಗ್ಗಿ ಹಿಗ್ಗಿ ಹೇಳಿದರು. ವೈನಿಯ ಸ್ಟುಡಿಯೋದಿಂದ ಸಿಡಿ ಬಂದಾಗ ಆಸೆಯಿಂದ ನೋಡಿದರೆ ಅವಳ ತುಟಿ ಅಲುಗುವ ಕಡೆ ಯಾವುದೋ ಸಿನಿಮಾದ ಹಾಡು. ನನಗೆ ಸಿಟ್ಟು ಬಂದಿತ್ತು. ಮನೆಯಲ್ಲಿ ಒಮ್ಮೆ ಹೇಳು ಎಂದು ಗೋಗರೆದೆ.

"ಅದು ಹಂಗ ಸುಮ್ ಸುಮ್ಮನ ಹೇಳೂದಲ್ರಿ" ಎಂದು ನಕ್ಕು ಒಳಗೆ ಹೋದಳು.

ಮಗಳು ಶಾಲೆಗೆ ಹೋಗತೊಡಗಿದ ಹೊತ್ತಿಗೆ ನನ್ನ ಹೆಂಡತಿಗೆ ಕಾಮಾಲೆ ತಿರುಗಿತು. ಉಳಿಯಲಿಲ್ಲ. ಅದರ ಬಗ್ಗೆ ಹೆಚ್ಚು ಬರೆಯಲು ನನಗೆ ಬರುವುದಿಲ್ಲ…

ಕೆಲವು ತಿಂಗಳ ಮೇಲೆ ಬಜಾರಿನಲ್ಲಿ ಸಿಕ್ಕ ವೈನಿಯೇ ನನ್ನನ್ನು ನಿಲ್ಲಿಸಿದರು. "ಅಣ್ಣಾರ, ನಿಮ್ಮ ಮನ್ಯಾಕಿ ಕುಬಸದ ಟೇಪ್ ನನ್ನ ಕಡೆ ಅದ. ಬರ್ರಿ, ಕಂಪ್ಯೂಟರಿಗೆ ಇಳಿಸಿ ಕೊಡ್ತೀನಿ. ಆವಾಗ ದನಿ ಬಂದ್ ಮಾಡಿ ಕತ್ತರಿಸಿದ್ದೆ, ಒಡಪು ನಾನೂ ಇನ್ನಾ ಕೇಳಿಲ್ಲ. ಈಗ ಹಾಡು ಪಾಡು ಏನೂ ಹಾಕಂಗಿಲ್ಲ" ಎಂದರು. ನಾನು ಹೂಂ ಎಂದೆ. ಆಗ ನಾನು ಎಲ್ಲದಕ್ಕೂ ಹೂಂ ಎನ್ನುತ್ತಿದ್ದೆ.

ರಜೆ ಇದ್ದಾಗ ಹೋಗಿ ಅವರ ಪಕ್ಕದ ಸ್ಟೂಲಿನ ಮೇಲೆ ಕೂಡುತ್ತಿದ್ದೆ. ಕ್ಯಾಮೆರಾದಿಂದ ಕಂಪ್ಯೂಟರಿಗೆ ಒಂದು ವೈರು. ಟೇಪು ಓಡುತ್ತಿದ್ದರೆ ಪರದೆಯ ಮೂಲೆಯಲ್ಲಿ ಒಂದು ಅಂಕಿ ಏರುತ್ತಿತ್ತು. ಅದು ಬಿದ್ದುಹೋದ ಫ್ರೇಮುಗಳ ಲೆಕ್ಕ ಎಂದು ವೈನಿ ಹೇಳಿಕೊಟ್ಟರು. ಟೇಪು ಯಾರಿಗೂ ಕಾಯುವುದಿಲ್ಲ, ಕಂಪ್ಯೂಟರ್ ಬರೆದುಕೊಳ್ಳುವುದು ತಡವಾದರೆ ನಡುವಿನ ಚಿತ್ರಗಳನ್ನು ಬಿಟ್ಟುಬಿಡುತ್ತದೆ. ಆಮೇಲೆ ತುಟಿ ಒಂದು ಕಡೆ, ಮಾತು ಒಂದು ಕಡೆ. ಅವರು ವೈರಸ್ ಕಾಯುವ ಪ್ರೋಗ್ರಾಮನ್ನು ನಿಲ್ಲಿಸಿದರು. ತುಂಬಿ ತುಳುಕುತ್ತಿದ್ದ ಡಿಸ್ಕ್ ಬಿಟ್ಟು ಬೇರೆ ಖಾಲಿ ಡಿಸ್ಕ್ ಹಾಕಿಸಿದರು. ಉಳಿದ ಟೇಪುಗಳೆಲ್ಲ ಸಲೀಸಾಗಿ ಇಳಿದವು. ಇದೊಂದೇ ಇಳಿಯಲೊಲ್ಲದು. ಚಿತ್ರ ಚೌಕ ಚೌಕವಾಗಿ ಒಡೆಯುತ್ತಿತ್ತು, ದನಿ ಕಟಕಟ ಎಂದು ತುಂಡಾಗುತ್ತಿತ್ತು.

ತಪ್ಪು ಕಂಪ್ಯೂಟರಿನದಲ್ಲ ಎಂದು ವೈನಿಗೆ ಹೊಳೆದದ್ದು ಆಗ. ಒಂದೇ ಟೇಪಿನಲ್ಲಿ ಹೆಚ್ಚು ಹೊತ್ತು ಹಿಡಿಯಲೆಂದು ಗಂಡ ಅವತ್ತು ನಿಧಾನ ಓಟದಲ್ಲಿ ರೆಕಾರ್ಡ್ ಮಾಡಿದ್ದರು. ಹಾಗೆ ಮಾಡಿದ ಟೇಪು ಅದೇ ಕ್ಯಾಮೆರಾದಲ್ಲಿ ಮಾತ್ರ ನೆಟ್ಟಗೆ ಓಡುತ್ತದೆ. ಆ ಹಳೆಯ ಕ್ಯಾಮೆರಾವನ್ನು ಚಿಂಚೋಳಿಯ ಒಬ್ಬರಿಗೆ ಮಾರಿ ಬೇರೆಯದು ಕೊಂಡಾಗಿತ್ತು. ವೈನಿ ಗಂಡನನ್ನು ಬಿಡಲಿಲ್ಲ. "ತರೂತನಾ ಚಹಾ ಸಿಗಂಗಿಲ್ಲ ನೋಡ್ರಿ" ಎಂದು ನನ್ನೆದುರೇ ಬೆದರಿಸಿದರು. ಪಾಪ, ಆ ಮನುಷ್ಯ ಬಸ್ಸು ಹತ್ತಿ ಹೋಗಿ ಅದನ್ನು ಎರವಲು ತಂದರು.

ಒಂದು ಮಧ್ಯಾಹ್ನ ಹೆಡ್ ಒರೆಸಿ, ಟೇಪು ಹಾಕಿ ಶುರು ಮಾಡಿದರು. ಅಂಕಿ ಸೊನ್ನೆಯಲ್ಲೇ ನಿಂತಿತು. ದನಿ ಎಲ್ಲಿಯಾದರೂ ಕಡಿಯುತ್ತದೆಯೇ ಎಂದು ನೋಡಲು ವೈನಿ ಕ್ಯಾಮೆರಾದ ಹೆಡ್‌ಫೋನ್ ಹಾಕಿಕೊಂಡಿದ್ದರು. ಪರದೆಯ ಮೇಲೆ ನನ್ನ ಹೆಂಡತಿ ಹಸಿರು ಸೀರೆಯಲ್ಲಿ ಕೂತಿದ್ದಳು. ಬಳೆ ಇಡಿಸಿದರು. ಉಡಿ ತುಂಬಿದರು. ಯಾರೋ ಅವಳ ಗದ್ದ ಹಿಡಿದೆತ್ತಿದರು…

ಕರೆಂಟ್ ಹೋಯಿತು.

ಯುಪಿಎಸ್ ಎಂದೋ ಸತ್ತಿತ್ತು. ಕಂಪ್ಯೂಟರ್ ಕಪ್ಪಾಯಿತು. ಆದರೆ ಕ್ಯಾಮೆರಾ ಬ್ಯಾಟರಿಯ ಮೇಲೆ ಓಡುತ್ತಲೇ ಇತ್ತು. ಅದರ ಪುಟ್ಟ ಪರದೆ ವೈನಿಯ ಕಡೆಗಿತ್ತು, ನನಗೆ ಕಂಡದ್ದು ಹಸಿರು ಹಸಿರಾಗಿ ಏನೋ ಅಲುಗಿದ್ದಷ್ಟೇ. ವೈನಿ ನಿಲ್ಲಿಸಲಿಲ್ಲ. ಕೈಯನ್ನು ಬಾಯಿಗೆ ಹಿಡಿದು ಕೇಳುತ್ತ ಕೂತರು. ಆಮೇಲೆ ಹೆಡ್‌ಫೋನ್ ಕಿತ್ತು ತೆಗೆದರು.

"ಅಣ್ಣಾರ, ಹೇಳಿದಳ್ರಿ! ಅಗದಿ ಚಂದ ಹೇಳಿದಳು!"

ಅಷ್ಟು ಹೇಳಿದವರು ನನ್ನ ಮುಖ ನೋಡಿ ಗಕ್ಕನೆ ನಿಂತರು. "ಅಯ್ಯ, ನಿಮ್ಮ ಕಿವಿಗೆ ಕೊಡಬೇಕಿತ್ತಲ್ರಿ ಇದನ್ನ… ನಾನೇ ಕೇಳಿಕೋತ ಕುಂತೆ ನೋಡ್ರಿ" ಎಂದರು. ಇರಲಿ, ಹಿಂದೆ ಸುತ್ತಿ ಇನ್ನೊಮ್ಮೆ ಹಾಕಿ ಎಂದೆ. ಸುತ್ತಿದರು. ಕ್ಯಾಮೆರಾ ಒಳಗೆ ಕರಕರ ಎಂದು ಟೇಪನ್ನು ನುಂಗಿತು.

ಅದನ್ನು ಬಿಡಿಸಲು ಅವರು ಪಟ್ಟ ಪಾಡು ನೋಡಲಾಗುತ್ತಿರಲಿಲ್ಲ. ಸಣ್ಣ ಸ್ಕ್ರೂಡ್ರೈವರಿನಿಂದ ಕ್ಯಾಸೆಟ್ ಬಿಚ್ಚಿ, ಮುದುರಿದ ಟೇಪನ್ನು ಬಟ್ಟೆಯ ಮೇಲೆ ಸಾಪು ಮಾಡಿ, ಮತ್ತೆ ಸುತ್ತಿ ಹಾಕಿದರು. ಕರೆಂಟ್ ಬಂದ ಮೇಲೆ ಉಳಿದದ್ದೆಲ್ಲ ಇಳಿಯಿತು. ಮುದುರಿದ ಜಾಗ ಮಾತ್ರ ಇಳಿಯಲಿಲ್ಲ. ಅವಳು ತಲೆ ಎತ್ತಿ ಬಾಯಿ ತೆರೆಯುತ್ತಾಳೆ, ಚಿತ್ರ ಹಾಗೇ ನಿಲ್ಲುತ್ತದೆ, ಆಮೇಲೆ ಒಮ್ಮೆಲೇ ಹೆಂಗಸರೆಲ್ಲ ಚಪ್ಪಾಳೆ ತಟ್ಟಿ ನಗುತ್ತಿರುತ್ತಾರೆ.

ವೈನಿ ಅತ್ತರು. ನನಗೆ ಅಳು ಬರಲಿಲ್ಲ, ಸಿಟ್ಟೂ ಬರಲಿಲ್ಲ. ಏನು ಹೇಳಿದಳು ಎಂದಷ್ಟೇ ಕೇಳಿದೆ. ಅವರು ಸೆರಗಿನಿಂದ ಮುಖ ಒರೆಸಿಕೊಂಡು, ನೆಟ್ಟಗೆ ಕೂತು ಹೇಳಿದರು.

"ಹಸಿರ ಬಳಿ ಇಟ್ಟೀನಿ, ಹಸಿರ ಸೀರಿ ಉಟ್ಟೀನಿ, ಹಸಿರ ನಿಶಾನಿ ತೋರಿಸಿ ಬರ್ತಾರ ನಮ್ಮ…"

ಅಲ್ಲಿಗೆ ನಿಲ್ಲಿಸಿದರು. ನನ್ನ ಹೆಸರು ಅವರಿಗೆ ಗೊತ್ತಿಲ್ಲವೆಂದಲ್ಲ. ಆ ಸಾಲಿಗೆ ಹೆಸರು ಸೇರಿಸಿ ಹೇಳುವುದು ಹೆಂಡತಿಯಾದವಳು ಮಾತ್ರ. ಇನ್ನೊಬ್ಬರ ಹೆಂಡತಿ ಹೇಗೆ ಹೇಳಿಯಾಳು, ನಾನಾದರೂ ಹೇಗೆ ಕೇಳಲಿ?

"ಹೆಸರು ಹೆಂಗ ಅಂದಳ್ರಿ?" ಎಂದೆ ಕೊನೆಗೆ.

"ಗಡಬಡ ಮಾಡಲಿಲ್ರಿ. ಜರಾ ನಿಂತಳು. ಆಮ್ಯಾಲ ಸಣ್ಣ ದನಿಲೆ, ಯಾರಿಗೂ ಕಾಣದಂಗ ಕೈಯಾಗ ಏನರ ಇಟ್ಟಂಗ ಅಂದಳು."

ಆಮೇಲೆ ಎಷ್ಟೋ ವರ್ಷ, ಸಂತೆಯಲ್ಲೋ ಸ್ಟೇಷನ್ನಿನಲ್ಲೋ ಸಿಕ್ಕಾಗ ನಾನು ಬಾಯಿಬಿಟ್ಟು ಕೇಳುತ್ತಿರಲಿಲ್ಲ. ಕಾಯಿಪಲ್ಲೆ ಆರಿಸುತ್ತ ಅವರಾಗಿಯೇ ಹೇಳುತ್ತಿದ್ದರು. "ಆ ದನಿ ಇನ್ನಾ ಕಿವ್ಯಾಗ ಅದ ನೋಡ್ರಿ, ಅಣ್ಣಾರ." ಟೇಪು ಹೋಯಿತು, ಸ್ಟುಡಿಯೋ ಹೋಯಿತು, ಮದುವೆಯ ವಿಡಿಯೋವನ್ನು ಈಗ ಎಲ್ಲರೂ ಫೋನಿನಲ್ಲೇ ಹಿಡಿಯುತ್ತಾರೆ. ವೈನಿಯ ಮಾತು ಮಾತ್ರ ಬದಲಾಗಲಿಲ್ಲ. ಅದನ್ನು ಕೇಳಿಸಿಕೊಂಡ ದಿನ ನಾನು ಮನೆಗೆ ಬಂದು ಹೊಟ್ಟೆ ತುಂಬ ಉಣ್ಣುತ್ತಿದ್ದೆ.

ಹೋದ ವರ್ಷ ಅವರು ತೀರಿಕೊಂಡರು. ಮಣ್ಣಿಗೆ ಹೋಗಿದ್ದೆ. ಎಲ್ಲರಂತೆ ನಾನೂ ಒಂದು ಹಿಡಿ ಮಣ್ಣು ಹಾಕಿದೆ. ಆ ಕಿವಿಗಳ ಜೊತೆ ಏನು ಹೋಗುತ್ತಿದೆ ಎಂದು ಅಲ್ಲಿದ್ದವರಲ್ಲಿ ನನಗೊಬ್ಬನಿಗೇ ಗೊತ್ತಿತ್ತು. ಆದರೂ ಕಣ್ಣು ಒದ್ದೆಯಾಗಲಿಲ್ಲ. ಕೈ ಝಾಡಿಸಿಕೊಂಡು ಬಂದೆ.

ದವಾಖಾನೆಯಿಂದ ಬಂದ ಸಂಜೆ ಮಗಳು ತನ್ನ ಫೋನಿನಲ್ಲಿ ಆ ಕುಬುಸದ ವಿಡಿಯೋ ನೋಡುತ್ತಿದ್ದಳು. ಚಿತ್ರ ನಿಲ್ಲುವಲ್ಲಿ ತಾನೂ ನಿಲ್ಲಿಸಿದಳು.

"ಅಪ್ಪಾ, ಅವ್ವ ಇಲ್ಲಿ ನಿಮ್ಮ ಹೆಸರ ಹೆಂಗ ಅಂದಿದ್ಲು?"

"ವೈನಿಗೆ ಗೊತ್ತಿತ್ತು" ಎಂದೆ.

"ನೀವು ಕೇಳಿಲ್ಲೇನು?"

"ಇಲ್ಲವಾ" ಎಂದೆ. "ನಾ ಡ್ಯೂಟಿ ಮ್ಯಾಲ ಇದ್ದೆ."